ಮೊಸರಿನ ಲೋಳೆ ಒಳ್ಳೆಯದಾ? ತಿಳಿದುಕೊಳ್ಳುವ ದಾರಿ ಹೀಗಿದೆ

ಮೊಸರಿಗೆ ಚಮಚ ಅದ್ದಿ ಮೇಲೆತ್ತಿ. ಕೆಲವೊಮ್ಮೆ ಅದು ಕಡಿದು ಬೀಳುವುದಿಲ್ಲ. ನೂಲಿನ ಹಾಗೆ ಸಣ್ಣಗೆ ಇಳಿಯುತ್ತಾ ಹೋಗುತ್ತದೆ. ಇದನ್ನು ಕಂಡ ಕೂಡಲೇ ‘ಕೆಟ್ಟುಹೋಗಿದೆ’ ಎಂದು ಚೆಲ್ಲುವವರು ಬಹಳ ಜನ. ಈಚೆಗೆ ಇದಕ್ಕೆ ತದ್ವಿರುದ್ಧವಾದ ಮಾತೂ ಕೇಳಿಬರುತ್ತಿದೆ. ಆ ಲೋಳೆಯೇ ಮದ್ದಂತೆ, ಕೊಲೆಸ್ಟ್ರಾಲ್ ಇಳಿಸುತ್ತದಂತೆ, ಶೀತ ಜ್ವರ ಹತ್ತಿರ ಬರದಂತೆ ನೋಡಿಕೊಳ್ಳುತ್ತದಂತೆ, ಕ್ಯಾನ್ಸರನ್ನೂ ತಡೆಯುತ್ತದಂತೆ.

ಚೆಲ್ಲುವವರೂ ಅವಸರ ಮಾಡುತ್ತಾರೆ, ಹೊಗಳುವವರೂ ಅವಸರ ಮಾಡುತ್ತಾರೆ. ಲೋಳೆಯಲ್ಲಿ ನಿಜಕ್ಕೂ ವಿಷಯ ಇದೆ. ಆದರೆ ಅದರ ಗುಣ ಯಾವ ಬ್ಯಾಕ್ಟೀರಿಯಾ ಅದನ್ನು ಮಾಡಿತು ಎಂಬುದರ ಮೇಲೆ ನಿಂತಿದೆ. ಕಣ್ಣಿಗೆ ಕಾಣುವ ದಪ್ಪದ ಮೇಲೆ ಅಲ್ಲ. ಒಂದು ಹೇಳಿಕೆ ಕಿವಿಗೆ ಬಿದ್ದಾಗ ಅದನ್ನು ಹೇಗೆ ತೂಗಬೇಕು, ಒಳ್ಳೆಯ ಮೊಸರನ್ನು ಹೇಗೆ ಆರಿಸಬೇಕು, ಮನೆಯಲ್ಲಿ ಹೇಗೆ ಮಾಡಬೇಕು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಲೋಳೆ ಎಲ್ಲಿಂದ ಬಂತು ಎಂದು ತಿಳಿಯಿರಿ

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹುಳಿ ಬರುವುದು ಇದರಿಂದಲೇ. ಕೆಲವು ತಳಿಗಳು, ಅಂದರೆ ಒಂದೇ ಜಾತಿಯ ಬ್ಯಾಕ್ಟೀರಿಯಾದೊಳಗಿನ ಬೇರೆ ಬೇರೆ ಕವಲುಗಳು, ಜೊತೆಗೆ ಇನ್ನೊಂದು ಕೆಲಸ ಮಾಡುತ್ತವೆ. ಸಣ್ಣ ಸಕ್ಕರೆಗಳನ್ನು ಮಣಿ ಪೋಣಿಸಿದ ಹಾಗೆ ಸೇರಿಸಿ, ಉದ್ದನೆಯ ಸರ ಕಟ್ಟಿ ಹೊರಗೆ ಬಿಡುತ್ತವೆ. ಈ ಸರಕ್ಕೆ ಪಾಲಿಸ್ಯಾಕರೈಡ್ ಎನ್ನುತ್ತಾರೆ. ಜೀವಕೋಶದ ಹೊರಗೆ ಇರುವುದರಿಂದ ಎಕ್ಸೋಪಾಲಿಸ್ಯಾಕರೈಡ್, ಚುಟುಕಾಗಿ ಇಪಿಎಸ್.

ಬ್ಯಾಕ್ಟೀರಿಯಾ ಇದನ್ನು ನಮಗೋಸ್ಕರ ಮಾಡುವುದಿಲ್ಲ. ಒಣಗಿ ಹೋಗದಂತೆ, ತಮ್ಮ ಮೇಲೆ ಎರಗುವ ವೈರಸ್‌ಗಳಿಂದ ಸ್ವಲ್ಪ ಮರೆ ಸಿಗುವಂತೆ ಹೊದ್ದುಕೊಳ್ಳುವ ಹೊದಿಕೆ ಅದು. ನಮಗೆ ಅದರಿಂದ ಮೊದಲು ಸಿಗುವ ಲಾಭ ಬಾಯಿಗೆ. ಸರಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಮೊಸರು ನೀರು ಬಿಡುವುದಿಲ್ಲ, ನುಣುಪಾಗಿರುತ್ತದೆ.

ಸರಗಳಲ್ಲಿ ಎರಡು ಬಗೆ. ಒಂದೇ ಜಾತಿಯ ಮಣಿಯಿಂದ ಕಟ್ಟಿದ್ದು ಒಂದು. ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಮಾಡುವ ಡೆಕ್ಸ್‌ಟ್ರಾನ್ ಇಂಥದ್ದು. ಇದಕ್ಕೆ ನಾವು ಚಹಾಕ್ಕೆ ಹಾಕುವಂಥ ಸಕ್ಕರೆಯೇ ಬೇಕು, ಹಾಲಿನ ಸಕ್ಕರೆ ಸಾಲದು. ಎರಡನೆಯದು ಬೇರೆ ಬೇರೆ ಮಣಿ ಬೆರೆಸಿ ಕಟ್ಟಿದ್ದು. ಅದರಲ್ಲಿ ಹೆಚ್ಚಾಗಿ ಗ್ಲೂಕೋಸ್, ಗ್ಯಾಲಕ್ಟೋಸ್, ರ‍್ಯಾಮ್ನೋಸ್ ಇರುತ್ತವೆ. ಮೊಸರಿನ ಜೋಡಿಯಾದ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್ ಮಾಡುವುದು ಹೆಚ್ಚಾಗಿ ಇದನ್ನೇ. ಫಿನ್‌ಲ್ಯಾಂಡಿನ ವಿಲಿ ಎಂಬ ಮೊಸರಿನಲ್ಲಿ ಲ್ಯಾಕ್ಟೋಕಾಕಸ್ ಕ್ರೆಮೋರಿಸ್ ಈ ಕೆಲಸ ಮಾಡುತ್ತದೆ. ಆ ಮೊಸರನ್ನು ಚಮಚದಲ್ಲಿ ಎತ್ತಿದರೆ ಗೇಣುದ್ದ ನೂಲು ಇಳಿಯುತ್ತದೆ, ಅಲ್ಲಿ ಅದೇ ಒಳ್ಳೆಯ ವಿಲಿಯ ಗುರುತು. ಕಾಕಸಸ್ ಬೆಟ್ಟಗಳ ಕಡೆಯಿಂದ ಬಂದ, ಹುದುಗಿದ ಹಾಲಿನ ಪಾನೀಯವಾದ ಕೆಫಿರ್‌ನಲ್ಲಿ ಹೂಕೋಸಿನ ಚೂರಿನಂಥ ಕಾಳುಗಳು ಇರುತ್ತವೆ. ಆ ಕಾಳನ್ನು ಹಿಡಿದಿಡುವ ಅಂಟು ಕೆಫಿರಾನ್. ಅದು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಸೇರಿ ಆದದ್ದು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ‘ಬ್ಯಾಕ್ಟೀರಿಯಾದ ಪಾಲಿಸ್ಯಾಕರೈಡ್ ಅಂದರೆ ಒಳ್ಳೆಯದು’ ಎಂಬ ಲೆಕ್ಕ ಬೇಡ. ನಮ್ಮ ಹಲ್ಲಿಗೆ ಅಂಟಿ ಹುಳುಕು ತರುವ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಕೂಡ ಸಕ್ಕರೆಯಿಂದ ಇಂಥದ್ದೇ ಅಂಟು ಮಾಡುತ್ತದೆ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ನಮ್ಮ ರಕ್ಷಣಾ ಕೋಶಗಳಿಂದ ತಪ್ಪಿಸಿಕೊಳ್ಳುವುದೂ ಇಂಥ ಹೊದಿಕೆಯ ಮರೆಯಲ್ಲೇ. ಸರ ಹೇಗೆ ಕಟ್ಟಿದೆ, ಯಾರು ಕಟ್ಟಿದರು ಎಂಬುದೇ ಮುಖ್ಯ.

ಹೆಜ್ಜೆ 2: ಒಳ್ಳೆಯ ಲೋಳೆ, ಕೆಟ್ಟ ಲೋಳೆ ಬೇರೆ ಮಾಡಿ

ಇದಕ್ಕೆ ಕಣ್ಣು, ಮೂಗು ಬಹುಮಟ್ಟಿಗೆ ಸಾಕು. ಮೊಸರು ಚೆನ್ನಾಗಿ ಹೆಪ್ಪುಗಟ್ಟಿದೆ, ಶುದ್ಧ ಹುಳಿ ವಾಸನೆ ಇದೆ, ಬಣ್ಣ ಬೆಳ್ಳಗೆ ಅಥವಾ ಕೆನೆ ಬಣ್ಣದಲ್ಲಿದೆ, ಎತ್ತಿದರೆ ನೂಲು ಬರುತ್ತದೆ ಅಂದರೆ ಅದು ಹೆಪ್ಪಿನ ಬ್ಯಾಕ್ಟೀರಿಯಾದ ಕೆಲಸ ಇರಬಹುದು. ತಿನ್ನಬಹುದು.

ಹಾಲು ಹುಳಿಯೇ ಆಗಿಲ್ಲ, ಹೆಪ್ಪೂ ಕಟ್ಟಿಲ್ಲ, ಆದರೂ ನೂಲು ಬರುತ್ತಿದೆಯಾ? ಚೆಲ್ಲಿ. ತಣ್ಣಗಿನ ಜಾಗದಲ್ಲೂ ಬೆಳೆಯುವ ಬೇರೆ ಬ್ಯಾಕ್ಟೀರಿಯಾಗಳು ಹಾಲನ್ನು ಹೀಗೆ ಲೋಳೆ ಮಾಡುತ್ತವೆ. ಮೊಸರಿನ ಮೇಲೆ ಗುಲಾಬಿ, ಕಿತ್ತಳೆ, ಹಸಿರು ಬಣ್ಣ ಕಂಡರೆ, ಕೊಳೆತ ವಾಸನೆ ಬಂದರೆ ಮೇಲಿನದನ್ನು ಮಾತ್ರ ತೆಗೆದು ಉಳಿದದ್ದನ್ನು ತಿನ್ನಬೇಡಿ. ಇಡೀ ಪಾತ್ರೆ ಖಾಲಿ ಮಾಡಿ. ಅನುಮಾನ ಬಂದ ಮೊಸರನ್ನು ಮುಂದಿನ ಹೆಪ್ಪಿಗೂ ಇಟ್ಟುಕೊಳ್ಳಬೇಡಿ.

ಹೆಜ್ಜೆ 3: ಹೊಟ್ಟೆಯಲ್ಲಿ ಅದರ ದಾರಿ ಹಿಡಿದು ಹೋಗಿ

ಅನ್ನದಲ್ಲಿರುವ ಪಿಷ್ಟವೂ ಸಕ್ಕರೆಯ ಸರವೇ. ಅದನ್ನು ಕತ್ತರಿಸಲು ನಮ್ಮ ದೇಹದಲ್ಲಿ ಕಿಣ್ವಗಳಿವೆ. ಮೊಸರಿನ ಇಪಿಎಸ್‌ನ ಬಹುಪಾಲು ಕೊಂಡಿಗಳನ್ನು ಕತ್ತರಿಸುವ ಕಿಣ್ವ ನಮ್ಮಲ್ಲಿಲ್ಲ. ಹಾಗಾಗಿ ಅದು ಜಠರ, ಸಣ್ಣ ಕರುಳು ದಾಟಿ ಹೆಚ್ಚುಕಡಿಮೆ ಹಾಗೇ ದೊಡ್ಡ ಕರುಳಿಗೆ ಬರುತ್ತದೆ.

ಅಲ್ಲಿ ಎರಡು ದಾರಿ. ಕೆಲವು ಸರಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ಬಿಡಿಸಿ ತಿನ್ನುತ್ತವೆ. ಆಗ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಬ್ಯುಟಿರೇಟ್ ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಮುಖ್ಯ ಆಹಾರ. ಇನ್ನು ಕೆಲವು ಸರಗಳು ಅಲ್ಲೂ ಬಗ್ಗುವುದಿಲ್ಲ, ಬಂದಂತೆಯೇ ಹೊರಗೆ ಹೋಗುತ್ತವೆ. ಒಂದೇ ಜಾತಿಯ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್‌ನ ಒಂದು ತಳಿಯ ಸರ ಸುಲಭವಾಗಿ ಒಡೆದರೆ ಇನ್ನೊಂದರದ್ದು ಒಡೆಯದೇ ಉಳಿದದ್ದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಜಾತಿಯ ಹೆಸರು ಸಾಲದು, ತಳಿಯ ಗುರುತು ಬೇಕು ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಈ ದಾರಿಯಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಇಷ್ಟು ದೊಡ್ಡ ಸರ ರಕ್ತಕ್ಕೆ ಸುಮ್ನೆ ಇಳಿದು ಹೋಗುವುದಿಲ್ಲ. ಅದು ಏನೇ ಕೆಲಸ ಮಾಡಿದರೂ ಹೆಚ್ಚಾಗಿ ಕರುಳಿನ ಗೋಡೆಯ ಬಳಿ ನಿಂತೇ ಮಾಡಬೇಕು. ಮುಂದಿನ ಹೆಜ್ಜೆಯಲ್ಲಿ ಈ ಮಾತು ನೆನಪಿರಲಿ.

ಹೆಜ್ಜೆ 4: ಒಂದೊಂದು ಹೇಳಿಕೆಯನ್ನೂ ಬಿಡಿಬಿಡಿಯಾಗಿ ತೂಗಿ

ಯಾವ ಹೇಳಿಕೆ ಬಂದರೂ ಮೂರು ಪ್ರಶ್ನೆ ಕೇಳಿ. ಯಾವ ತಳಿ? ಯಾರ ಮೇಲೆ ನೋಡಿದರು, ಗಾಜಿನ ಕೊಳವೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಯಾವುದಕ್ಕೆ ಹೋಲಿಸಿ ನೋಡಿದರು?

ರೋಗನಿರೋಧಕ ಶಕ್ತಿಯ ವಿಷಯದಿಂದ ಶುರು ಮಾಡೋಣ, ಇಲ್ಲೇ ಗಟ್ಟಿ ಕೆಲಸ ಜಾಸ್ತಿ ಆಗಿರುವುದು. ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್‌ನ ಒಎಲ್‌ಎಲ್1073ಆರ್-1 ಎಂಬ ತಳಿ ಜಪಾನಿನಲ್ಲಿ ಹೆಸರುವಾಸಿ. ಇದರ ಸರಗಳಲ್ಲಿ ಕೆಲವಕ್ಕೆ ಫಾಸ್ಫೇಟ್ ಅಂಟಿರುತ್ತದೆ, ಹಾಗಾಗಿ ಅವು ಆಮ್ಲ ಗುಣದವು. ಆ ಫಾಸ್ಫೇಟ್ ತೆಗೆದರೆ ರಕ್ಷಣಾ ಕೋಶಗಳನ್ನು ಎಚ್ಚರಿಸುವ ಗುಣ ಕುಗ್ಗುತ್ತದೆ. ಫಾಸ್ಫೇಟಿನಂಥ ಒಂದು ಚಿಕ್ಕ ಅಣುಗುಂಪು ಇಡೀ ಸರದ ಗುಣವನ್ನೇ ಬದಲಿಸುತ್ತದೆ. ಇದು ನನಗೆ ಈಗಲೂ ಬೆರಗು. ಇಲಿಗಳಿಗೆ ಈ ಇಪಿಎಸ್ ತಿನ್ನಿಸಿದಾಗ ಸಹಜ ಕೊಲೆಗಾರ ಕೋಶಗಳು ಚುರುಕಾದವು. ಇವು ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ನಮ್ಮದೇ ರಕ್ತದ ಕೋಶಗಳು. ಇನ್‌ಫ್ಲುಯೆನ್ಸಾ ಸೋಂಕು ತಗುಲಿಸಿದಾಗ ಈ ಇಲಿಗಳು ಹೆಚ್ಚು ದಿನ ಬದುಕಿದವು.

ಮನುಷ್ಯರಲ್ಲೂ ನೋಡಿದರು. 2010ರಲ್ಲಿ ಹೊರಬಂದ ಅಧ್ಯಯನದಲ್ಲಿ ಜಪಾನಿನ ಫುನಗಾತ ಮತ್ತು ಅರಿತ ಎಂಬ ಎರಡು ಊರಿನ ಹಿರಿಯರು ಇದ್ದರು, ಒಂದು ಕಡೆ 57, ಇನ್ನೊಂದು ಕಡೆ 85 ಜನ. ಅರ್ಧ ಜನ ದಿನಾ 90 ಗ್ರಾಂ ಈ ಮೊಸರು ತಿಂದರು, ಉಳಿದವರು 100 ಮಿಲಿಲೀಟರ್ ಹಾಲು ಕುಡಿದರು. ಒಂದು ಊರಲ್ಲಿ 8 ವಾರ, ಇನ್ನೊಂದರಲ್ಲಿ 12 ವಾರ. ಎರಡೂ ಸೇರಿಸಿ ಲೆಕ್ಕ ಹಾಕಿದಾಗ ಮೊಸರು ತಿಂದವರಿಗೆ ಶೀತ ಹಿಡಿಯುವ ಸಂಭವ ಕಡಿಮೆ ಕಂಡಿತು.

ಒಳ್ಳೆಯ ಸುದ್ದಿ. ಆದರೆ ಮೂರನೇ ಪ್ರಶ್ನೆ ಕೇಳಿ. ಹೋಲಿಸಿದ್ದು ಹಾಲಿಗೆ. ಮೊಸರಿನಲ್ಲಿ ಇಪಿಎಸ್ ಅಷ್ಟೇ ಇಲ್ಲ. ಜೀವಂತ ಬ್ಯಾಕ್ಟೀರಿಯಾ, ಲ್ಯಾಕ್ಟಿಕ್ ಆಮ್ಲ, ಹಾಲಿನ ಪ್ರೋಟೀನ್ ಒಡೆದು ಬಂದ ಪೆಪ್ಟೈಡ್‌ಗಳು ಎಲ್ಲವೂ ಇವೆ. ಕೀರ್ತಿ ಯಾರಿಗೆ ಸೇರಬೇಕು ಎಂದು ಈ ಅಧ್ಯಯನ ಒಂದರಿಂದಲೇ ಹೇಳಲಾಗದು. ಜನರೂ ಕಡಿಮೆ. ಆ ತಳಿಯ ಮೊಸರಿಗೆ ಇಷ್ಟು ಆಧಾರ ಇದೆ, ಸರಿ. ಅದೇ ಆಧಾರವನ್ನು ಇನ್ನಾವುದೋ ದಪ್ಪ ಮೊಸರಿಗೆ ಅಂಟಿಸಿ ಹೇಳಿದರೆ ಒಪ್ಪಬೇಡಿ.

ಒಂದು ಗುಣ ಎಲ್ಲ ಸರಕ್ಕೂ ಇಲ್ಲ ಎಂಬುದಕ್ಕೆ ಉಲ್ಟಾ ಉದಾಹರಣೆಗಳೂ ಇವೆ. ಬಿಫಿಡೋಬ್ಯಾಕ್ಟೀರಿಯಂ ಬ್ರೇವ್‌ನ ಒಂದು ತಳಿಯ ಹೊದಿಕೆ ರಕ್ಷಣಾ ಕೋಶಗಳನ್ನು ಎಬ್ಬಿಸುವುದಿಲ್ಲ, ಅವುಗಳ ಕಣ್ಣಿಗೆ ಬೀಳದಂತೆ ಬ್ಯಾಕ್ಟೀರಿಯಾವನ್ನು ಕಾಯುತ್ತದೆ. ಹಾಗೆ ಕರುಳಲ್ಲಿ ನೆಲೆ ನಿಂತು, ಇಲಿಗಳಲ್ಲಿ ಒಂದು ರೋಗಕಾರಕ ಬ್ಯಾಕ್ಟೀರಿಯಾ ಬೇರೂರದಂತೆ ತಡೆಯಿತು. ಪ್ರೋಬಯಾಟಿಕ್, ಅಂದರೆ ದೇಹಕ್ಕೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾ, ಎಂದು ಹೆಸರಾದ ಲ್ಯಾಕ್ಟೋಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿಯಲ್ಲಂತೂ ಹೊದಿಕೆ ಇಲ್ಲದ ರೂಪವೇ ಕರುಳಿನ ಕೋಶಗಳಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಹೊದಿಕೆ ಅದರ ಅಂಟುವ ಕೂದಲುಗಳನ್ನು ಮುಚ್ಚಿಬಿಡುತ್ತದೆ. ಆದರೆ ದೇಹ ಬಿಡುವ ಬ್ಯಾಕ್ಟೀರಿಯಾ ನಾಶಕಗಳಿಂದ ಅದನ್ನು ಉಳಿಸುವುದೂ ಅದೇ ಹೊದಿಕೆ.

ಕೊಲೆಸ್ಟ್ರಾಲ್‌ಗೆ ಬನ್ನಿ. ಇಲ್ಲಿ ಹೇಳುವ ಕಾರಣ ಸರಳ. ಕೊಬ್ಬು ಅರಗಿಸಲು ನೆರವಾಗುವ ಪಿತ್ತಾಮ್ಲಗಳನ್ನು ಯಕೃತ್ತು ಕೊಲೆಸ್ಟ್ರಾಲ್‌ನಿಂದ ಮಾಡುತ್ತದೆ. ಕರುಳಲ್ಲಿ ಅವುಗಳನ್ನು ಯಾವುದಾದರೂ ಹಿಡಿದು ಹೊರಗೆ ಒಯ್ದರೆ ಯಕೃತ್ತು ಹೊಸದು ಮಾಡಬೇಕು, ಅದಕ್ಕೆ ರಕ್ತದ ಕೊಲೆಸ್ಟ್ರಾಲ್ ಬಳಸಬೇಕು. ಲೋಳೆ ಬಿಡುವ ಲ್ಯಾಕ್ಟೋಕಾಕಸ್‌ನಿಂದ ಮಾಡಿದ ಹುದುಗಿದ ಹಾಲು ಇಲಿಗಳಲ್ಲಿ ಕೊಲೆಸ್ಟ್ರಾಲ್ ಇಳಿಸಿದ್ದು 1990ರ ದಶಕದಲ್ಲೇ ವರದಿಯಾಗಿದೆ. ಕೆಫಿರಾನ್ ಕೂಡ ರಕ್ತದೊತ್ತಡ ಹೆಚ್ಚಿರುವ ಇಲಿಗಳಲ್ಲಿ ಒತ್ತಡ ಮತ್ತು ಕೊಲೆಸ್ಟ್ರಾಲ್ ಎರಡನ್ನೂ ಇಳಿಸಿದೆ. ಇವು ಇಲಿಗಳ ಫಲಿತಾಂಶ. ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿರುವವರು ಇದನ್ನು ನಂಬಿ ಮಾತ್ರೆ ಬಿಡುವ ಮಾತೇ ಇಲ್ಲ.

ಜಠರದ ಒಳಪದರದ ವಿಷಯ ನನಗೆ ಹೆಚ್ಚು ನಂಬುವಂತೆ ಕಾಣುತ್ತದೆ, ಯಾಕೆಂದರೆ ಲೋಳೆ ಅಲ್ಲಿಗೆ ನೇರವಾಗಿ ತಲುಪುತ್ತದೆ. ಆಸ್ಪಿರಿನ್ ಕೊಟ್ಟು ಜಠರದ ಉರಿಯೂತ ತರಿಸಿದ ಇಲಿಗಳಲ್ಲಿ ಇಪಿಎಸ್ ಮಾಡುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್‌ನಿಂದ ಮಾಡಿದ ಹುದುಗಿದ ಹಾಲು ಗಾಯವನ್ನು ತಗ್ಗಿಸಿತು. ಸರಗಳು ಹಾಲಿನ ಪ್ರೋಟೀನ್ ಜೊತೆ ಹೆಣೆದುಕೊಂಡಿರುವುದು ಇಲ್ಲಿ ಸಹಾಯ ಮಾಡಿರಬಹುದು.

ಲೋಳೆ ಆ್ಯಂಟಿಆಕ್ಸಿಡೆಂಟ್, ಅಂದರೆ ಕೋಶಗಳಿಗೆ ಹಾನಿ ಮಾಡುವ ಅಣುಗಳನ್ನು ತಣಿಸುವ ವಸ್ತು, ಎಂಬ ಹೇಳಿಕೆಯನ್ನು ಬೇಗ ದಾಟಿ ಹೋಗಿ. ಅದರಲ್ಲಿ ಬಹುಪಾಲು ಕೊಳವೆಯಲ್ಲಿ ಬಣ್ಣ ಮಾಸುವುದನ್ನು ಅಳೆದದ್ದು. ಇಪಿಎಸ್ ಜೊತೆ ಉಳಿದ ಚೂರುಪಾರು ಪ್ರೋಟೀನ್ ಕೂಡ ಅದೇ ಫಲ ಕೊಡಬಲ್ಲದು. ಮೇಲಾಗಿ ರಕ್ತಕ್ಕೇ ಹೋಗದ ಸರ ಅಲ್ಲಿ ಏನು ಮಾಡೀತು? ಕ್ಯಾನ್ಸರ್ ವಿಷಯವೂ ಬಹುತೇಕ ಹೀಗೇ. ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶದ ಮೇಲೆ ನೇರವಾಗಿ ಸುರಿದು ನೋಡುವುದು ಒಂದು, ಕಾಯಿಲೆ ಇರುವ ಮನುಷ್ಯ ಬಟ್ಟಲಲ್ಲಿ ತಿನ್ನುವುದು ಇನ್ನೊಂದು. ಕಾಯಿಲೆಯವರ ಮನೆಯಲ್ಲಿ ಈ ಮಾತು ಆಡುವಾಗ ದಯವಿಟ್ಟು ಎಚ್ಚರ ಇರಲಿ.

ಹೆಜ್ಜೆ 5: ಎಷ್ಟು ತಿಂದರೆ ಎಷ್ಟು ಸಿಗುತ್ತದೆ, ಲೆಕ್ಕ ಹಾಕಿ

ಲೋಳೆ ಕಣ್ಣಿಗೆ ಜಾಸ್ತಿ ಕಂಡರೂ ತೂಕದಲ್ಲಿ ಬಹಳ ಕಡಿಮೆ. ಹಾಲಿನಲ್ಲಿ ಇಂಥ ತಳಿಗಳು ಲೀಟರಿಗೆ ಸಾಮಾನ್ಯವಾಗಿ ಕೆಲವು ಹತ್ತರಿಂದ ಕೆಲವು ನೂರು ಮಿಲಿಗ್ರಾಂ ಇಪಿಎಸ್ ಮಾಡುತ್ತವೆ. ಲೀಟರಿಗೆ 200 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. 150 ಮಿಲಿಲೀಟರ್ ಬಟ್ಟಲಲ್ಲಿ ಸಿಗುವುದು 30 ಮಿಲಿಗ್ರಾಂ.

ಈಗ ಒಂದು ಪ್ರಯೋಗದಲ್ಲಿ ಸುಂಡಿಲಿಗೆ ಕಿಲೋ ತೂಕಕ್ಕೆ 100 ಮಿಲಿಗ್ರಾಂ ಶುದ್ಧ ಇಪಿಎಸ್ ಕೊಟ್ಟರು ಎಂದುಕೊಳ್ಳಿ. ಸುಂಡಿಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಲು ಸುಮಾರು 12ರಿಂದ ಭಾಗಿಸುವುದು ರೂಢಿ. ಆಗ ಕಿಲೋಗೆ 8 ಮಿಲಿಗ್ರಾಂ ಆಯಿತು. 60 ಕಿಲೋ ತೂಕದವರಿಗೆ ಹತ್ತಿರ ಹತ್ತಿರ 500 ಮಿಲಿಗ್ರಾಂ. ಅಂದರೆ ದಿನಕ್ಕೆ 16–17 ಬಟ್ಟಲು ಮೊಸರು! ಯಾರೂ ತಿನ್ನುವುದಿಲ್ಲ, ಅಲ್ವಾ?

ಹಾಗೆಂದು ಕಡಿಮೆ ಪ್ರಮಾಣಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಪಿತ್ತಾಮ್ಲ ಹಿಡಿಯುವುದು ಹೊರೆ ಹೊರುವ ಕೆಲಸ, ಅದಕ್ಕೆ ಸರಕು ಬೇಕು. ರಕ್ಷಣಾ ಕೋಶವನ್ನು ಎಚ್ಚರಿಸುವುದು ಬಾಗಿಲು ತಟ್ಟುವ ಕೆಲಸ, ಅದಕ್ಕೆ ಸ್ವಲ್ಪವೇ ಸಾಕಾಗಬಹುದು. ನಾನು ರೋಗನಿರೋಧಕದ ಹೇಳಿಕೆಗೆ ಕೊಲೆಸ್ಟ್ರಾಲ್ ಹೇಳಿಕೆಗಿಂತ ಹೆಚ್ಚು ಕಿವಿ ಕೊಡುವುದು ಇದೇ ಕಾರಣಕ್ಕೆ.

ಹೆಜ್ಜೆ 6: ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ

ಮುಂಬದಿಯಲ್ಲಿ ‘ಗಟ್ಟಿ’, ‘ಕೆನೆಭರಿತ’ ಎಂದಿದ್ದರೆ ಅದು ಇಪಿಎಸ್ ಗುರುತಲ್ಲ. ಹಿಂಬದಿಯಲ್ಲಿ ಪೆಕ್ಟಿನ್, ಜೆಲಾಟಿನ್, ಪಿಷ್ಟ, ಗೌರ್ ಗಮ್ ಇದ್ದರೆ ದಪ್ಪ ಬಂದದ್ದು ಅವುಗಳಿಂದಲೂ ಇರಬಹುದು. ಸಾಮಗ್ರಿ ಪಟ್ಟಿಯಲ್ಲಿ ಹಾಲು ಮತ್ತು ಹೆಪ್ಪಿನ ಬ್ಯಾಕ್ಟೀರಿಯಾ ಅಷ್ಟೇ ಇದ್ದರೆ ನನಗೆ ಸಮಾಧಾನ. ತಳಿಯ ಪೂರ್ತಿ ಗುರುತು, ಅಂದರೆ ಹೆಸರಿನ ಮುಂದಿನ ಅಕ್ಷರ ಸಂಖ್ಯೆ ಸಹಿತ ಬರೆದಿದ್ದರೆ ಇನ್ನೂ ಒಳ್ಳೆಯದು.

ಹುದುಗಿಸಿದ ಮೇಲೆ ಮತ್ತೆ ಬಿಸಿ ಮಾಡಿದ ಮೊಸರಿನಲ್ಲಿ ಬ್ಯಾಕ್ಟೀರಿಯಾ ಸತ್ತಿರುತ್ತವೆ. ಇಪಿಎಸ್ ಬಿಸಿಗೆ ಸುಲಭವಾಗಿ ಹಾಳಾಗುವುದಿಲ್ಲ, ಉಳಿದಿರುತ್ತದೆ. ಆದರೆ ಲ್ಯಾಕ್ಟೋಸ್ ಅರಗದವರಿಗೆ ಬೇಕಾದದ್ದು ಜೀವಂತ ಬ್ಯಾಕ್ಟೀರಿಯಾ. ಅವು ಆ ಸಕ್ಕರೆಯನ್ನು ಅರಗಿಸಲು ನೆರವಾಗುತ್ತವೆ ಎಂಬುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ 2010ರಲ್ಲಿ ಒಪ್ಪಿದೆ, ಗ್ರಾಂಗೆ ಕನಿಷ್ಠ 10 ಕೋಟಿ ಬ್ಯಾಕ್ಟೀರಿಯಾ ಇರಬೇಕು ಎಂಬ ಷರತ್ತಿನ ಮೇಲೆ.

ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವವರು ಯಾವ ಮೊಸರನ್ನೂ ತಿನ್ನುವಂತಿಲ್ಲ, ಅದು ಲ್ಯಾಕ್ಟೋಸ್ ತೊಂದರೆಯಲ್ಲ. ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರು, ಅಂಗಾಂಗ ಕಸಿ ಆದವರು ಜೀವಂತ ಬ್ಯಾಕ್ಟೀರಿಯಾ ಇರುವ ಮೊಸರು, ಕೆಫಿರ್ ತಿನ್ನುವ ಮುಂಚೆ ವೈದ್ಯರನ್ನು ಕೇಳಿ. ಕೆಫಿರ್‌ನಲ್ಲಿ ಚೂರು ಆಲ್ಕೋಹಾಲ್ ಹುಟ್ಟುತ್ತದೆ, ಬೇಡದವರು ಗಮನಿಸಿ. ಟೆಟ್ರಾಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್‌ನಂಥ ಮಾತ್ರೆಗಳನ್ನು ಮೊಸರಿನ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಮಾತ್ರೆಗೂ ಮೊಸರಿಗೂ ಎಷ್ಟು ಗಂಟೆ ಅಂತರ ಬೇಕು ಎಂದು ಔಷಧಿ ಕೊಡುವವರನ್ನೇ ಕೇಳಿಕೊಳ್ಳಿ.

ಹೆಜ್ಜೆ 7: ಮನೆಯಲ್ಲೇ ಮಾಡಿ ನೋಡಿ

ಹಾಲನ್ನು 85 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ 20–30 ನಿಮಿಷ ಅಲ್ಲೇ ಇಡಿ. ಇದರಿಂದ ಬೇಡದ ಬ್ಯಾಕ್ಟೀರಿಯಾ ಸಾಯುತ್ತವೆ. ಜೊತೆಗೆ ಹಾಲಿನ ಪ್ರೋಟೀನ್ ಬಿಚ್ಚಿಕೊಂಡು ಮೊಸರಿಗೆ ಗಟ್ಟಿತನ ಕೊಡುತ್ತದೆ. 42–43 ಡಿಗ್ರಿಗೆ ಆರಿಸಿ, ಲೀಟರಿಗೆ ಎರಡು ದೊಡ್ಡ ಚಮಚ ಹೆಪ್ಪು ಕದಡಿ. 4ರಿಂದ 6 ಗಂಟೆ ಅಲುಗಾಡಿಸದೆ ಬಿಡಿ. ಹೆಪ್ಪುಗಟ್ಟಿದ ಕೂಡಲೇ ಫ್ರಿಜ್‌ಗೆ ಇಡಿ. ವಿಲಿಯಂಥ ಹೆಪ್ಪಾದರೆ ಲೆಕ್ಕ ಬೇರೆ: ಹಾಲನ್ನು ಪೂರ್ತಿ ತಣಿಸಿ, 20–25 ಡಿಗ್ರಿಯಲ್ಲಿ ಸುಮಾರು ಒಂದು ದಿನ ಬಿಡಬೇಕು.

ಈ ಎರಡನೇ ಬಗೆಯಲ್ಲಿ ನಾನೇ ಪಾಠ ಕಲಿತಿದ್ದೇನೆ. ನೂಲು ಬಿಡುವ ಹೆಪ್ಪೊಂದನ್ನು ವಾರಗಟ್ಟಲೆ ಚೆನ್ನಾಗಿ ಉಳಿಸಿಕೊಂಡಿದ್ದೆ. ಸೆಖೆ ಹೆಚ್ಚಿದ ದಿನಗಳಲ್ಲಿ ಪಾತ್ರೆಯನ್ನು ಒಲೆಯ ಪಕ್ಕವೇ ಇಟ್ಟೆ, ಬೇಗ ಆಗಲಿ ಅಂತ. ಬೇಗ ಆಯಿತು. ಹುಳಿಯೂ ಬಂತು. ಆದರೆ ಮೂರು ನಾಲ್ಕು ಸಲ ಹೆಪ್ಪು ಬದಲಿಸುವಷ್ಟರಲ್ಲಿ ನೂಲು ಗಿಡ್ಡವಾಗುತ್ತಾ ಬಂತು. ಕೊನೆಗೆ ಚಮಚದಿಂದ ಮೊಸರು ತಟ್ಟನೆ ಕಡಿದು ಬಿತ್ತು. ಆಮೇಲೆ ಓದಿದಾಗ ಕಾರಣ ತಿಳಿಯಿತು. ಲ್ಯಾಕ್ಟೋಕಾಕಸ್‌ನಲ್ಲಿ ಸರ ಕಟ್ಟುವ ವಂಶವಾಹಿಗಳು ಸಾಮಾನ್ಯವಾಗಿ ಮುಖ್ಯ ಡಿಎನ್‌ಎಯಲ್ಲಿ ಇರುವುದಿಲ್ಲ. ಪ್ಲಾಸ್ಮಿಡ್ ಎಂಬ ಬಿಡಿ ಉಂಗುರದಲ್ಲಿ ಇರುತ್ತವೆ. ಬಿಸಿ ಜಾಸ್ತಿಯಾದರೆ, ಮತ್ತೆ ಮತ್ತೆ ಹೆಪ್ಪು ಬದಲಿಸಿದರೆ ಆ ಉಂಗುರ ಕಳೆದುಹೋಗುತ್ತದೆ. ಉಂಗುರ ಇಲ್ಲದ ಬ್ಯಾಕ್ಟೀರಿಯಾಕ್ಕೆ ಹೊರೆ ಕಡಿಮೆ, ಅದು ಬೇಗ ಬೆಳೆದು ಪಾತ್ರೆ ತುಂಬುತ್ತದೆ. ಗಾಳಿಯಿಂದ, ಚಮಚದಿಂದ ಬಂದ ಬೇರೆ ಬ್ಯಾಕ್ಟೀರಿಯಾ ಮೇಲುಗೈ ಪಡೆಯುವುದೂ ಉಂಟು.

ಹಾಗಾಗಿ ಮೊದಲ ವಾರದ ಒಳ್ಳೆಯ ಹೆಪ್ಪನ್ನು ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ಫ್ರೀಜರ್‌ನಲ್ಲಿ ತೆಗೆದಿಡಿ. ನೂಲು ಗಿಡ್ಡವಾದ ದಿನ ಹೊಸದನ್ನು ತೆಗೆಯಿರಿ. ಹೆಪ್ಪು ತೆಗೆಯುವ ಚಮಚ ಬಿಸಿನೀರಲ್ಲಿ ತೊಳೆದು ಒಣಗಿಸಿದ್ದೇ ಆಗಿರಲಿ.

ನಿಮ್ಮ ಮೊಸರಿನಲ್ಲಿ ನೀರು ಹಿಡಿಯುವ ಶಕ್ತಿ ಎಷ್ಟಿದೆ ಎಂದು ನೋಡಲು ಯಾವ ಸಲಕರಣೆಯೂ ಬೇಡ. ಎರಡು ಬೇರೆ ಬೇರೆ ಹೆಪ್ಪಿನಿಂದ, ಒಂದೇ ಹಾಲಿನಲ್ಲಿ, ಒಂದೇ ಅಳತೆಯ ಎರಡು ಬಟ್ಟಲು ಮೊಸರು ಮಾಡಿ. ರಾತ್ರಿ ಎರಡರಿಂದಲೂ ನಡುವಿನಲ್ಲಿ ಒಂದೊಂದು ಚಮಚ ತೆಗೆದು ಗುಳಿ ಮಾಡಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ನೋಡಿದರೆ ಒಂದರ ಗುಳಿಯಲ್ಲಿ ಹಳದಿ ನೀರು ನಿಂತಿರುತ್ತದೆ. ಇಪಿಎಸ್ ಚೆನ್ನಾಗಿ ಬಿಟ್ಟಿರುವ ಇನ್ನೊಂದರಲ್ಲಿ ಗುಳಿಯ ಅಂಚು ಸ್ವಲ್ಪ ಜಾರಿರಬಹುದು, ಆದರೆ ತಳ ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ.